ಕೇಳಿಸಿದರೆ ಒತ್ತಿ

ಒಂದೂ ಕೂಗುತ್ತಿರಲಿಲ್ಲ.

ಅವನಿಗೆ ಎಚ್ಚರವಾದದ್ದೇ ಅದಕ್ಕೆ. ಸದ್ದಿಗೆ ಎದ್ದು ಕೂರುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಅವನು ಸದ್ದಿಲ್ಲದ್ದಕ್ಕೆ ಎದ್ದ. ಹಾಲಿನ ದಿವಾನದ ಮೇಲೆ ಮಲಗಿದ್ದಂತೆಯೇ ಕಿವಿಗೊಟ್ಟು ಕೇಳಿದ. ಅಡುಗೆಮನೆಯಲ್ಲಿ ಫ್ರಿಜ್ಜು ಗುರುಗುಟ್ಟುತ್ತಿತ್ತು. ಮೇಲಿನ ಮನೆಯಲ್ಲಿ ಯಾರೋ ಬಕೆಟ್ಟು ಎಳೆದರು. ಎದುರಿನ ಕೋಣೆಯ ಮುಚ್ಚಿದ ಬಾಗಿಲಿನ ಆಚೆ ಮಾತ್ರ ಏನೂ ಇರಲಿಲ್ಲ.

ಆ ಕೋಣೆಯಲ್ಲಿ ಜೀರುಂಡೆಗಳಿದ್ದವು. ಹಲ್ಲಿಯ ಆಹಾರಕ್ಕೆಂದು ಸಾಕಿದ ಜೀರುಂಡೆಗಳು. ರೆಕ್ಕೆ ಬಲಿತ ಗಂಡುಗಳು ರಾತ್ರಿಯಿಡೀ ಕೂಗಿ, ಬೆಳಗಾದ ಮೇಲೂ ಸುಮ್ಮನಾಗುತ್ತಿರಲಿಲ್ಲ. ಮೊದಮೊದಲು ತಲೆ ಚಿಟ್ಟು ಹಿಡಿಸುತ್ತಿದ್ದ ಆ ಸದ್ದು ಈಗೀಗ ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಇವತ್ತು, ನಿಂತ ಮೇಲೆ, ಕೇಳಿಸಿತು.

ಬಾಗಿಲು ತೆಗೆದ. ಮೂಲೆಯ ಸ್ಟೂಲಿನ ಮೇಲೆ ದೊಡ್ಡ ಪ್ಲಾಸ್ಟಿಕ್ ಡಬ್ಬಿ; ಮುಚ್ಚಳದ ನಡುವೆ ಕತ್ತರಿಸಿ ಅಂಟಿಸಿದ ತಂತಿಬಲೆ. ಒಳಗೆ ನಿಲ್ಲಿಸಿಟ್ಟ ಮೊಟ್ಟೆ ಟ್ರೇಗಳು, ನಿನ್ನೆ ಹೆಚ್ಚಿಟ್ಟ ಕ್ಯಾರೆಟ್ಟು, ಬಟ್ಟಲಿನಲ್ಲಿ ನೀರಿಟ್ಟರೆ ಬಿದ್ದು ಸಾಯುತ್ತವೆಂದು ಅದರ ಬದಲು ಇಟ್ಟ ಒದ್ದೆ ಸ್ಪಂಜು. ಎಲ್ಲವೂ ಇರಬೇಕಾದ ಕಡೆ ಇತ್ತು. ಜೀರುಂಡೆಗಳು ಮಾತ್ರ ಅಂಗಾತ ಬಿದ್ದು ಕಾಲು ಮಡಚಿಕೊಂಡಿದ್ದವು. ಡಬ್ಬಿಯನ್ನು ಮೆಲ್ಲಗೆ ಅಲುಗಿಸಿ ನೋಡಿದ. ಒಣ ಹೊಟ್ಟಿನ ಹಾಗೆ ಎಲ್ಲ ಒಂದು ಕಡೆಗೆ ಸರಿದವು.

ಥಂಡಿಯಾಯಿತೆ? ಬೂಷ್ಟು ಹಿಡಿಯಿತೆ? ಕ್ಯಾರೆಟ್ಟಿನಲ್ಲಿ ಏನಾದರೂ ಇತ್ತೆ? ಕ್ಯಾರೆಟ್ಟನ್ನು ಅವನು ತೊಳೆದು, ಸಿಪ್ಪೆ ಹೆರೆದು, ಒರೆಸಿ ಇಡುತ್ತಿದ್ದ. ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸುತ್ತಿದ್ದ. ಜೀರುಂಡೆ ಚೆನ್ನಾಗಿ ತಿಂದರೆ ಅದನ್ನು ತಿಂದ ಹಲ್ಲಿ ಚೆನ್ನಾಗಿರುತ್ತದೆ ಎಂದು ಪ್ರಾಣಿ ಡಾಕ್ಟರು ಹೇಳಿದ ಮೇಲಂತೂ ಮನೆಗೆ ಬರುವ ಒಳ್ಳೆಯ ತರಕಾರಿಯೆಲ್ಲ ಹುಳದ ಪಾಲಾಗಿ, ಅವನು ತನ್ನ ಪಾಡಿಗೆ ಬ್ರೆಡ್ಡು ತಿಂದುಕೊಂಡಿದ್ದ.

ಆಮೇಲೆ ಮಂಚದ ಪಕ್ಕದ ಗೋಡೆಯಲ್ಲಿ ಪುಟ್ಟದೊಂದು ಕೆಂಪು ದೀಪ ಕಣ್ಣಿಗೆ ಬಿತ್ತು.

ಸೊಳ್ಳೆ ಮೆಷಿನ್ನು. ಹಾಕಿದ್ದು ಅವನೇ.

ಹೋದ ವಾರ ಮಗಳು ಬಂದಾಗ, "ರಾತ್ರಿ ಇಲ್ಲೇ ಇರ್ತೀಯಾ?" ಎಂದು ಕೇಳಿದ್ದ, ಈಗಷ್ಟೇ ಹೊಳೆಯಿತೆಂಬಂತೆ, ಬೇರೆಲ್ಲೋ ನೋಡುತ್ತ. ಆ ಒಂದು ಮಾತಿಗಾಗಿ ಅವನು ಎಷ್ಟೋ ದಿನದಿಂದ ಬಾಯಿ ಹದಮಾಡಿಕೊಂಡಿದ್ದ. "ಸೊಳ್ಳೆ ಅಪ್ಪ" ಎಂದಿದ್ದಳು ಅವಳು. ಇರುವುದಿಲ್ಲ ಎಂದಿರಲಿಲ್ಲ. ಹಾಗಾದರೆ ತಮ್ಮಿಬ್ಬರ ನಡುವೆ ಇರುವುದು ಸೊಳ್ಳೆ ಮಾತ್ರ ಎಂದು ಅವನು ತೀರ್ಮಾನಿಸಿದ. ಮೆಷಿನ್ನು ತಂದ. ಹೊಸ ಚಾದರ ಹಾಸಿದ. ಕಿಟಕಿ ಭದ್ರ ಮಾಡಿ ನಿನ್ನೆ ಸಂಜೆಯೇ ಸ್ವಿಚ್ಚು ಹಾಕಿ, ಚಾದರ ಮುದುರೀತೆಂದು ತಾನು ಹಾಲಿಗೆ ಬಂದು ಮಲಗಿದ. ಬೆಚ್ಚಗಿರುವ ಕೋಣೆಯೆಂದು ಜೀರುಂಡೆಗಳು ಅಲ್ಲೇ ಉಳಿದವು. ಸೊಳ್ಳೆಯೂ ಹುಳ, ಜೀರುಂಡೆಯೂ ಹುಳ ಎನ್ನುವುದು ಇಷ್ಟೆಲ್ಲ ಓದಿದ ಅವನ ತಲೆಗೆ ಹೋಗಲಿಲ್ಲ. ಒಂದು ಕೊಲ್ಲಬೇಕಾದದ್ದು, ಇನ್ನೊಂದು ಸಾಕಬೇಕಾದದ್ದು. ತಲೆಯೊಳಗೆ ಎರಡಕ್ಕೂ ಬೇರೆ ಬೇರೆ ಗೂಡು.

ಪ್ಲಗ್ಗು ಕಿತ್ತು ಕಿಟಕಿ ತೆರೆದ. ಇನ್ನು ತೆರೆದು ಯಾರಿಗೆ ಉಪಕಾರ ಎನ್ನಿಸಿತು.

ಆಗ ದೊರೆಯ ನೆನಪಾಗಿ ಹಾಲಿಗೆ ಓಡಿದ.

ದೊರೆ ಎನ್ನುವುದು ಮಗಳು ಸಾಕಿದ ಹಲ್ಲಿಯ ಹೆಸರು. ಹಳದಿ ಮೈ, ಕರಿ ಚುಕ್ಕೆ, ಗೋಡೆ ಹತ್ತಲಾರದಷ್ಟು ದಪ್ಪ. ಯಾರು ಬಂದರೂ ಅಲುಗಾಡದೆ ಅರೆಗಣ್ಣಲ್ಲಿ ನೋಡುವ ಅದರ ಠೀವಿಗೆ ಮಗಳೇ ಆ ಹೆಸರಿಟ್ಟಿದ್ದಳು. ಮನೆ ಎರಡಾದಾಗ ದೊರೆ ಅವನ ಪಾಲಿಗೆ ಬಂತು. ಹಲ್ಲಿ ಬೇಕಾದರೆ ಇರಲಿ, ಆದರೆ ಹುಳ ಸಾಕುವುದು ತನ್ನ ಮನೆಯಲ್ಲಿ ಆಗದ ಮಾತು ಎಂದಿದ್ದಳು ಮಗಳ ತಾಯಿ. ಹುಳವಿಲ್ಲದೆ ಹಲ್ಲಿಯಿಲ್ಲ. ಹೀಗಾಗಿ ಪ್ರತಿ ಶನಿವಾರ ಸಂಜೆ, ಇವತ್ತೂ, ಮಗಳು ದೊರೆಯನ್ನು ನೋಡಲು ಬರುತ್ತಾಳೆ. ದೊರೆಯನ್ನು ನೋಡಲು. ಈ ವಿಷಯದಲ್ಲಿ ಅವನಿಗೆ ಭ್ರಮೆಯೇನೂ ಇರಲಿಲ್ಲ. ಅವನು ಜೀರುಂಡೆಯನ್ನು ಸಾಕುತ್ತಾನೆ, ಜೀರುಂಡೆ ದೊರೆಯನ್ನು ಸಾಕುತ್ತದೆ, ದೊರೆ ಮಗಳನ್ನು ಕರೆತರುತ್ತದೆ. ದೊರೆಯೇ ಇಲ್ಲದಿದ್ದರೆ ಅವಳು ಯಾವ ನೆಪ ಹಿಡಿದು ಈ ಮೆಟ್ಟಿಲು ಹತ್ತಬೇಕು?

ಗಾಜಿನ ತೊಟ್ಟಿಯಲ್ಲಿ ದೊರೆ ಕಲ್ಲಿನ ಗೂಡಿಗೆ ಒರಗಿ ಬಿದ್ದಿತ್ತು. ಹಳದಿ ಹೋಗಿ ಮೈಯೆಲ್ಲ ಬೂದಿ ಬಳಿದಂತೆ ಬೆಳ್ಳಗಾಗಿತ್ತು. ಕಣ್ಣು ಮುಚ್ಚಿತ್ತು. ಬೆರಳಿನಿಂದ ಗಾಜು ತಟ್ಟಿದ, ಕಣ್ಣು ಬಿಡಲಿಲ್ಲ. ನಿನ್ನೆ ರಾತ್ರಿ ಊಟಕ್ಕೆಂದು ಆ ಡಬ್ಬಿಯಿಂದಲೇ ಒಂದಿಷ್ಟು ಜೀರುಂಡೆಗಳನ್ನು ತೊಟ್ಟಿಗೆ ಬಿಟ್ಟಿದ್ದ. ಅಷ್ಟು ಹೊತ್ತಿಗಾಗಲೇ ಮೆಷಿನ್ನು ಉರಿಯುತ್ತಿತ್ತು. ಈಗ ತೊಟ್ಟಿಯಲ್ಲಿ ಒಂದೂ ಕಾಣಲಿಲ್ಲ.

ತಿಂದಿದೆ.

ಪ್ರಾಣಿ ಡಾಕ್ಟರು ಬಾಗಿಲು ತೆಗೆಯುವುದು ಮಧ್ಯಾಹ್ನದ ಮೇಲೆ. ಅವನಿಗೆ ಬೆಳಿಗ್ಗೆ ಕೆಲಸ. ಊಟದ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ಒದ್ದೆ ಬಟ್ಟೆ ಹಾಸಿ, ದೊರೆಯನ್ನು ಎತ್ತಿ ಮಲಗಿಸಿದ. ಅಂಗೈಗೆ ಅದರ ಹೊಟ್ಟೆ ತಣ್ಣಗೆ ತಾಗಿತು.

ಅವನ ಕೆಲಸ ಜನರ ಕಿವಿ ಪರೀಕ್ಷೆ ಮಾಡುವುದು. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವನ ಕೋಣೆ. ಕೋಣೆಯೊಳಗೆ ಇನ್ನೊಂದು ಪುಟ್ಟ ಗಾಜಿನ ಕೋಣೆ. ಗೋಡೆಗೆಲ್ಲ ಸ್ಪಂಜು ಹೊದಿಸಿ, ಹೊರಗಿನ ಸದ್ದು ಒಳಗೆ ಸುಳಿಯದಂತೆ ದಪ್ಪ ಬಾಗಿಲು ಹಾಕಿದ್ದರು. ಬಂದವರು ಅದರೊಳಗೆ ಹೆಡ್‌ಫೋನು ಹಾಕಿ, ಕೈಯಲ್ಲಿ ಒಂದು ಬಟನ್ನು ಹಿಡಿದು ಕೂರುತ್ತಾರೆ. ಅವನು ಗಾಜಿನ ಈಚೆ ಕೂತು ಒಂದೊಂದಾಗಿ ಸದ್ದು ಕಳಿಸುತ್ತಾನೆ, ಗಟ್ಟಿಯಾದದ್ದು, ಸಣ್ಣದು, ಇದೆಯೋ ಇಲ್ಲವೋ ಎನ್ನುವಂಥದ್ದು. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿತ್ತು: ಕೇಳಿಸಿದರೆ ಒತ್ತಿ. ಜನ ಅವನನ್ನು ಕಿವಿ ಡಾಕ್ಟ್ರು ಎನ್ನುತ್ತಿದ್ದರು. ಡಾಕ್ಟರಲ್ಲ ಎಂದು ತಿದ್ದುವುದನ್ನು ಅವನು ಬಿಟ್ಟು ಬಹಳ ಕಾಲವಾಗಿತ್ತು.

ಚೀಟಿ ಕೊಡುವ ಹುಡುಗಿ ಕೈಯಲ್ಲಿದ್ದ ಡಬ್ಬಿ ನೋಡಿದಳು. "ಏನ್ ಸಾರ್, ಇವತ್ತು ಊಟ ತಂದ್ಬಿಟ್ಟಿದೀರಾ?"

"ಹೂಂ."

"ಮನೆ ಊಟಾನಾ?"

"ಹೂಂ."

"ಯಾರ್ ಸಾರ್ ಮಾಡಿದ್ದು?" ಎಂದು ಅವಳು ಕಣ್ಣರಳಿಸುವಷ್ಟರಲ್ಲಿ ಅವನು ಬಾಗಿಲು ಹಾಕಿಕೊಂಡಿದ್ದ. ಡಬ್ಬಿಯನ್ನು ಕಿವಿ ಪರೀಕ್ಷೆಯ ಮೆಷಿನ್ನಿನ ಹಿಂದೆ, ಬಿಸಿಗಾಳಿ ಬರುವ ಕಡೆ ಇಟ್ಟ. ತೂತಿನಲ್ಲಿ ಕಣ್ಣಿಟ್ಟು ನೋಡಿದ. ಏನೂ ಕಾಣಲಿಲ್ಲ. ಕಿವಿಯಿಟ್ಟ. ಬದುಕಿರುವ ಹಲ್ಲಿಯೂ ಸತ್ತ ಹಲ್ಲಿಯೂ ಒಂದೇ ಥರ ಸುಮ್ಮನಿರುತ್ತವೆ.

ಮೊದಲು ಬಂದವರು ವಯಸ್ಸಾದ ಗಂಡ ಹೆಂಡತಿ. ಯಜಮಾನರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಇಸ್ತ್ರಿ ಮಾಡಿದ ಅಂಗಿ. ಮಾತಾಡಿದ್ದೆಲ್ಲ ಹೆಂಡತಿಯೇ.

"ಹತ್ತು ಸಲ ಕೂಗ್ಬೇಕು ಇವರನ್ನ. ಟೀವಿ ಸೌಂಡು ಎದುರುಮನೆಗೆ ಕೇಳ್ಸತ್ತೆ, ಇವರಿಗಿಲ್ಲ."

"ನನಗೇನೂ ಆಗಿಲ್ಲ" ಎಂದರು ಯಜಮಾನರು, ಅವನ ತುಟಿಯನ್ನೇ ನೋಡುತ್ತ.

ಗಾಜಿನ ಕೋಣೆಯಲ್ಲಿ ಕೂರಿಸಿ ಶುರು ಮಾಡಿದ. ಯಜಮಾನರು ಬೆನ್ನು ನೆಟ್ಟಗೆ ಮಾಡಿ ಬಟನ್ನಿನ ಮೇಲೆ ಹೆಬ್ಬೆರಳಿಟ್ಟು ಪರೀಕ್ಷೆಗೆ ಕೂತ ವಿದ್ಯಾರ್ಥಿಯಂತೆ ಕಾದರು. ಸದ್ದು ಕಳಿಸಿದ, ಒತ್ತಿದರು. ಇನ್ನೂ ಸಣ್ಣದು ಕಳಿಸಿದ, ಒತ್ತಿದರು. ಅನುಮಾನ ಬಂದು ಏನೂ ಕಳಿಸದೆ ಸುಮ್ಮನೆ ಕೂತ. ಅದಕ್ಕೂ ಒತ್ತಿದರು. ಮತ್ತೆ ಒತ್ತಿದರು. ಏನೂ ಇಲ್ಲದ ಆ ಮೌನದಲ್ಲಿ, ಹಣೆಯಲ್ಲಿ ಬೆವರಿಟ್ಟು, ತಪ್ಪಿಹೋಗಬಾರದೆಂಬ ಹಟದಿಂದ ಒತ್ತುತ್ತಲೇ ಹೋದರು.

ಅಂಥವರು ಅವನಿಗೆ ಹೊಸಬರಲ್ಲ. ಸುಳ್ಳು ಹೇಳುವವರಲ್ಲ ಅವರು. ಯಾರೋ ಕರೆದು ತಮಗೆ ಕೇಳಿಸದೆ ಹೋದೀತೆಂದು ಹೆದರಿದವರು.

ಹೊರಗೆ ಬಂದ ಮೇಲೆ ಯಜಮಾನರು ಕೇಳಿದರು, "ಎಲ್ಲದಕ್ಕೂ ಒತ್ತಿದೆ ಅಲ್ವೆ?"

"ಎಲ್ಲದಕ್ಕೂ ಒತ್ತಿದ್ರಿ."

"ಮತ್ತೆ?"

"ಅದೇ."

"ಮನೇಲಿ ಇದ್ದದ್ದು ಕೇಳ್ಸಲ್ಲ, ಇಲ್ಲಿ ಇಲ್ಲದ್ದೂ ಕೇಳ್ಸತ್ತೆ" ಎಂದರು ಹೆಂಡತಿ. ಎಂದವರೇ ಗಂಡನ ಅಂಗಿಯ ಕಾಲರನ್ನು ಸರಿಮಾಡಿದರು. ಅದನ್ನು ನೋಡಲಾರದೆ ಅವನು ಮುಂದಿನವರನ್ನು ಕರೆದ.

ಮಧ್ಯೆ ಫೋನು ಬಂತು. ಮಗಳ ತಾಯಿ. ಜೊತೆಗಿದ್ದಾಗ ಅವಳು ಅವನನ್ನು "ರೀ" ಎನ್ನುತ್ತಿದ್ದಳು, ಅವನು "ಏನೇ" ಎನ್ನುತ್ತಿದ್ದ. ಬೇರೆಯಾದ ದಿನದಿಂದ ಆ ಎರಡೂ ಮಾತು ಬಿದ್ದುಹೋಗಿ, ಅದರ ಜಾಗಕ್ಕೆ ಬೇರೆ ಯಾವುದೂ ಬಂದಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕರೆಯದೆಯೇ ಮಾತಾಡುವುದನ್ನು ಕಲಿತಿದ್ದರು.

"ನಾನು."

"ಹೇಳು."

"ಸಂಜೆ ಬಿಡ್ತೀನಿ ಅವಳನ್ನ."

"ಸರಿ. ರಾತ್ರಿ?"

"ಬ್ಯಾಗು ತಗೊಂಡಿದಾಳೆ."

"ಅಂದ್ರೆ ಇರ್ತಾಳೆ."

"ಬ್ಯಾಗು ತಗೊಂಡಿದಾಳೆ ಅಂದೆ."

ಅಡ್ಡಗೋಡೆ ಮೇಲೆ ದೀಪವಿಟ್ಟಂತೆ ಮಾತಾಡುವುದರಲ್ಲಿ ಅವಳದು ಎತ್ತಿದ ಕೈ. ಅವನದೇನೂ ಕಡಿಮೆಯಲ್ಲ.

"ಹಲ್ಲಿ ಚೆನ್ನಾಗಿದೆಯಾ?" ಎಂದಳು.

"ಚೆನ್ನಾಗಿದೆ" ಎಂದ, ಡಬ್ಬಿಯ ತೂತುಗಳನ್ನು ನೋಡುತ್ತ.

ಪ್ರಾಣಿ ಡಾಕ್ಟರ ಬಾಗಿಲಲ್ಲಿ ಮೊದಲು ನಿಂತವನು ಅವನೇ. ಡಾಕ್ಟರಮ್ಮ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಬೆಕ್ಕು ಪರಚಿದ ಕೈಯಿಂದ ಬೀಗ ತೆಗೆಯುತ್ತಿದ್ದರು. ಒಳಗೆ ಹೋಗುವವರೆಗೂ ಅವನಿಗೆ ತಡೆಯಲಾಗಲಿಲ್ಲ. ಹಜಾರದಲ್ಲೇ ಎಲ್ಲ ಹೇಳಿದ. ಸೊಳ್ಳೆ ಮೆಷಿನ್ನು, ಮುಚ್ಚಿದ ಕಿಟಕಿ, ಡಬ್ಬಿ, ತೊಟ್ಟಿಗೆ ಬಿಟ್ಟ ಜೀರುಂಡೆಗಳು. ಹೊಸ ಚಾದರದ ವಿಷಯ ಹೇಳಲಿಲ್ಲ.

ಅವರು ದೊರೆಯನ್ನು ದೀಪದ ಕೆಳಗೆ ತಿರುಗಿಸಿದರು. ಹೊಟ್ಟೆ ಮುಟ್ಟಿದರು. ಬಾಯಿ ಬಿಡಿಸಿ ನೋಡಿದರು. ಬಾಲವನ್ನು ಎರಡು ಬೆರಳಲ್ಲಿ ಒತ್ತಿದರು. ಅವನಿಗೆ ತನ್ನ ಹೊಟ್ಟೆಯನ್ನೇ ಯಾರೋ ಒತ್ತಿದಂತಾಗುತ್ತಿತ್ತು.

"ಹೊಟ್ಟೆ ಖಾಲಿ ಇದೆ" ಎಂದರು. "ಇವನು ಏನೂ ತಿಂದಿಲ್ಲ."

"ಮೈ ಹೀಗೆ ಬೆಳ್ಳಗಾಗಿದೆಯಲ್ಲ?"

"ಪೊರೆ ಬಿಡ್ತಿದಾನೆ." ಕನ್ನಡಕವನ್ನು ಕೆಳಗಿಳಿಸಿ ಅವನನ್ನು ನೋಡಿದರು. "ಇದು ಆಗಾಗ ಆಗ್ತಾನೇ ಇರತ್ತಲ್ಲ. ನೀವು ನೋಡಿಲ್ವಾ?"

"ನೋಡಿದೀನಿ."

ನಿಜವಾಗಿಯೂ ನೋಡಿದ್ದ. ಬೆಳ್ಳಗಾಗುವುದು, ಊಟ ಬಿಡುವುದು, ಮರುದಿನ ಹೊಸ ಹಳದಿಯಲ್ಲಿ ಹೊಳೆಯುವುದು, ಎಲ್ಲ ಗೊತ್ತಿತ್ತು. ಇವತ್ತು ಬೆಳಿಗ್ಗೆ ಆ ಬಿಳುಪಿನಲ್ಲಿ ಅವನಿಗೆ ಕಂಡದ್ದು ತಾನು ಮಾಡಿದ ತಪ್ಪು ಮಾತ್ರ.

ಹೋದ ಜೀವ ಬಂದಂತಾಯಿತು. ನಗು ಬಂತು, ಎಷ್ಟು ಗಟ್ಟಿಯಾಗಿ ನಕ್ಕನೆಂದರೆ ಒಳಗಿನ ಪಂಜರದಲ್ಲಿ ಯಾವುದೋ ನಾಯಿ ಬೊಗಳಿತು. ಡಾಕ್ಟರಮ್ಮನೂ ನಕ್ಕರು.

"ಈಗ ನಗ್ತೀರಿ. ಬಂದಾಗ ಹಲ್ಲಿಗಿಂತ ಬೆಳ್ಳಗಿದ್ರಿ ನೀವು." ಕೈ ತೊಳೆಯುತ್ತ ಅಂದರು, "ಇವನೇನೂ ಉಪವಾಸ ಸಾಯಲ್ಲ. ಬಾಲದಲ್ಲಿ ಬೇಕಾದಷ್ಟು ಕೂಡಿಟ್ಟಿದಾನೆ. ಆದ್ರೆ ಒಂದು, ಆ ಕೋಣೇಲಿದ್ದ ಹುಳ ಒಂದನ್ನೂ ಇನ್ನು ಹಾಕ್ಬೇಡಿ. ಸತ್ತಿದ್ದನ್ನ ಇವನು ಹೇಗೂ ಮೂಸಲ್ಲ. ಬದುಕಿರೋದು ಓಡಾಡತ್ತೆ ನೋಡಿ, ಅದನ್ನ ತಿಂದ್ರೆ ವಿಷ ಇವನಿಗೂ ಏರತ್ತೆ. ತೊಟ್ಟಿ ಪೂರ್ತಿ ಹುಡುಕಿ ತೆಗೀರಿ."

"ತೆಗೀತೀನಿ."

"ಪೊರೆ ಕಳಚಿದ ಮೇಲೆ ಅದನ್ನೇ ತಿಂದ್ಬಿಡ್ತಾನೆ. ಅದನ್ನ ನೋಡಿದೀರಾ?"

"ಇಲ್ಲ."

"ಹೂಂ, ಕಾಣೋದು ಕಷ್ಟ. ಯಾರೂ ಇಲ್ಲದಾಗ ಮಾಡ್ಕೋತಾವೆ."

ಸಾಕುಪ್ರಾಣಿ ಅಂಗಡಿಯಲ್ಲಿ ಹೊಸ ಜೀರುಂಡೆ ಸಿಕ್ಕಿದವು. ಎಲ್ಲ ಎಳೆಯವು, ರೆಕ್ಕೆ ಮೂಡದವು.

"ದೊಡ್ಡವಿಲ್ವಾ? ಕೂಗೋವು?"

"ಎಲ್ರೂ ಕೂಗದೇ ಇರೋವನ್ನ ಕೊಡಿ ಅಂತಾರೆ ಸಾರ್" ಎಂದ ಅಂಗಡಿಯವ. "ಕೂಗೋದು ಬೇಕು ಅಂದವರು ನೀವೇ ಮೊದಲು."

ಮನೆಗೆ ಬಂದು ಹಳೆಯ ಡಬ್ಬಿಯನ್ನು ಟ್ರೇಗಳ ಸಮೇತ ಕಟ್ಟಿ ಎಸೆದ. ಹೊಸ ಡಬ್ಬಿಗೆ ಬಲೆ ಅಂಟಿಸಿದ, ಹೊಸ ಟ್ರೇ ನಿಲ್ಲಿಸಿದ, ಕ್ಯಾರೆಟ್ಟು ತೊಳೆದು ಹೆಚ್ಚಿದ, ಸ್ಪಂಜು ಒದ್ದೆ ಮಾಡಿ ಹಿಂಡಿದ. ಮರಿಗಳನ್ನು ಸುರಿದಾಗ ಟ್ರೇಯ ಗುಳಿಗಳಲ್ಲಿ ಪಿತಪಿತನೆ ಹರಡಿಕೊಂಡು ಅಡಗಿದವು. ಈ ಸಲ ಡಬ್ಬಿ ಅಡುಗೆಮನೆಗೆ ಹೋಯಿತು. ಕೋಣೆಯ ಕಿಟಕಿಗಳನ್ನೆಲ್ಲ ತೆರೆದು ಫ್ಯಾನು ಹಾಕಿದ. ಸೊಳ್ಳೆ ಮೆಷಿನ್ನನ್ನು ಎಸೆಯಲು ಮನಸ್ಸಾಗದೆ ಮೇಜಿನ ಡ್ರಾಯರಿನಲ್ಲಿ, ಹಳೆಯ ಕನ್ನಡಕಗಳ ಕೆಳಗೆ ಮುಚ್ಚಿಟ್ಟ.

ತೊಟ್ಟಿಯ ಮರಳು ಕೆದಕಿ, ಕಲ್ಲುಗಳನ್ನು ಎತ್ತಿ ಹುಡುಕಿದ. ಗೂಡಿನ ಹಿಂದೆ ನಿನ್ನೆಯ ಜೀರುಂಡೆಗಳು ಸತ್ತು ಬಿದ್ದಿದ್ದವು. ಚಿಮಟದಲ್ಲಿ ಹಿಡಿದು ತೆಗೆದ. ಎಷ್ಟು ಬಿಟ್ಟಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಕೈಗೆ ಬಂದಷ್ಟು ಬಿಟ್ಟಿದ್ದ. ಮತ್ತೊಮ್ಮೆ ಹುಡುಕಿ, ಕಾಣದೆ, ದೊರೆಯನ್ನು ಒಳಗೆ ಬಿಟ್ಟು ಮುಚ್ಚಳ ಹಾಕಿದ.

ಸಂಜೆಯ ಹೊತ್ತಿಗೆ ಎಲ್ಲ ನೆಟ್ಟಗಾಗಿತ್ತು. ದೊರೆ ಬದುಕಿದೆ, ಜೀರುಂಡೆ ಬದುಕಿವೆ, ಚಾದರ ಮುದುರಿಲ್ಲ. ಅವನು ಮುಖ ತೊಳೆದು, ಅಂಗಿ ಬದಲಾಯಿಸಿ, ಯಾರದೋ ಮನೆಗೆ ಬಂದ ನೆಂಟನಂತೆ ದಿವಾನದ ಅಂಚಿನಲ್ಲಿ ಕೂತ.

ಕೆಳಗೆ ಸ್ಕೂಟರು ಬಂತು. ಯಾವ ಸ್ಕೂಟರಿನ ಸದ್ದಾದರೂ ಮರೆತಾನು, ಇದನ್ನಲ್ಲ. ಗೇಟಿನ ಬಳಿ ನಿಂತಿತು. ಇಂಜಿನ್ನು ಆಫಾಯಿತು. ಸ್ಟ್ಯಾಂಡು ಹಾಕಿದ ಸದ್ದು ಕೇಳಿತು.

ಬಿಟ್ಟುಹೋಗುವವರು ಸ್ಟ್ಯಾಂಡು ಹಾಕುವುದಿಲ್ಲ.

ಮೆಟ್ಟಿಲ ಮೇಲೆ ಮಗಳ ಚಪ್ಪಲಿಯ ಸದ್ದು ಬರುವುದರೊಳಗೆ ಅವನಿಗೆ ಎಲ್ಲ ತಿಳಿದುಹೋಗಿತ್ತು. ಆದರೂ ಬಾಗಿಲು ತೆಗೆದು, "ಬಾ ಬಾ" ಎಂದ.

ವಾರಕ್ಕೊಂದಿಷ್ಟು ಉದ್ದವಾಗುತ್ತಿದ್ದಳು ಅವಳು. ಹೆಗಲಲ್ಲಿ ಬ್ಯಾಗಿತ್ತು. ಒಂದು ಜೊತೆ ಬಟ್ಟೆಯೂ ಇಲ್ಲವೆಂಬಂತೆ ಚಪ್ಪಟೆಯಾದ ಬ್ಯಾಗು.

"ದೊರೆ ಎಲ್ಲಪ್ಪ?"

"ಅಲ್ಲೇ. ಪೊರೆ ಬಿಡ್ತಿದಾನೆ."

"ಓ." ಬಗ್ಗಿ ನೋಡಿದಳು. "ಬೆಳ್ಳಗಾಗಿದಾನೆ."

"ಹೂಂ."

"ಯಾಕೆ ಏನೂ ಕೂಗ್ತಿಲ್ಲ?"

"ಜೀರುಂಡೆ ಅಡುಗೆಮನೇಲಿದೆ."

ಅವಳು ಹೋಗಿ ನೋಡಿದಳು. ಅವನು ಹಿಂದೆಯೇ ಹೋದ.

"ಇವು ಚಿಕ್ಕವು."

"ಹೂಂ."

"ಹೋದ ವಾರ ದೊಡ್ಡವಿದ್ವು."

"ಅವು ಮುಗಿದ್ವು."

"ಅಷ್ಟೂ?" ಎಂದು ತಿರುಗಿ ನೋಡಿದಳು. ಊಟ ಬಿಟ್ಟ ಹಲ್ಲಿ ಅಷ್ಟು ಜೀರುಂಡೆಗಳನ್ನು ಹೇಗೆ ಮುಗಿಸಿತು ಎಂದು ಕೇಳುವ ಹುಡುಗಿಯೇ ಅವಳು. ಕೇಳಲಿಲ್ಲ. ಅವಳು ಕೇಳದೆ ಬಿಟ್ಟದ್ದು ಅವನಿಗೆ ಕೇಳಿಸಿತು. ತಾಯಿಯಿಂದ ಕಲಿತಳೋ, ತನ್ನಿಂದ ಕಲಿತಳೋ ಎಂದುಕೊಂಡ.

ಕೋಣೆಯ ಬಾಗಿಲಲ್ಲಿ ಇಬ್ಬರೂ ನಿಂತರು. ಚಾದರದಲ್ಲಿ ಅಂಗಡಿಯ ಮಡಿಕೆಗಳು ಇನ್ನೂ ಗೀಟು ಗೀಟಾಗಿ ಇದ್ದವು.

"ಕೋಣೆ ಚೆನ್ನಾಗಿದೆ" ಎಂದಳು.

"ಸೊಳ್ಳೆ ಇಲ್ಲ ಈಗ."

"ಹೌದಾ?"

"ಒಂದೂ ಇಲ್ಲ."

ಅವಳು ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೇಳಲು ಏನೋ ಹುಡುಕುತ್ತಿದ್ದಳು. ಅವಳ ಬಳಿ ಇದ್ದ ಒಂದೇ ಒಂದು ನೆಪವನ್ನು ಅವನು ಕೊಂದು ಎಸೆದಿದ್ದ. ಕೆಳಗೆ ಗೇಟಿನ ಬಳಿ ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆ ಕೆಮ್ಮೂ ಅವನಿಗೆ ಗುರುತಿನದೇ. ಹುಡುಗಿಯ ಕಿವಿ ಕೆಂಪಾಯಿತು.

ಅವನಿಗೆ ಅವಳ ಮೇಲೆ ಅಯ್ಯೋ ಎನ್ನಿಸಿತು.

"ಇವತ್ತು ಬೇಡ ಅನ್ಸತ್ತೆ ಪುಟ್ಟ" ಎಂದ. "ಪೊರೆ ಬಿಡೋವಾಗ ಇವನಿಗೆ ಗಲಾಟೆ ಆಗಬಾರದಂತೆ. ಡಾಕ್ಟ್ರು ಹೇಳಿದ್ರು. ಮನೇಲಿ ಜನ ಜಾಸ್ತಿ ಓಡಾಡಬಾರದು ಅಂದ್ರು."

"ಹೌದಾ?" ಅವಳ ಕೈ ಬ್ಯಾಗಿನ ಪಟ್ಟಿಯಿಂದ ಸಡಿಲವಾಯಿತು. ಭುಜ ಇಳಿಯಿತು. "ಹಾಗಾದ್ರೆ ಬೇಡಪ್ಪ. ಪಾಪ, ದೊರೆ."

ಎಷ್ಟು ನಿರಾಳವಾಗಿತ್ತು ಆ ಮುಖ. ಎದೆಗೆ ಚುಚ್ಚಬೇಕಿತ್ತು, ಚುಚ್ಚುತ್ತದೆಂದು ಅವನು ಕಾದ. ಚುಚ್ಚಲಿಲ್ಲ. ಬದಲಿಗೆ ಬೆಳಗಿನಿಂದ ಬಿಗಿದಿದ್ದ ಏನೋ ಒಳಗೆ ಮೆತ್ತಗೆ ಬಿಚ್ಚಿಕೊಂಡಿತು. ರಾತ್ರಿ ಊಟಕ್ಕೆ ಏನು ಎಂದು ಯೋಚಿಸಬೇಕಿಲ್ಲ. ಊಟವಾದ ಮೇಲೆ ಮಲಗುವವರೆಗೆ ಏನು ಮಾತಾಡುವುದೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆಳಿಗ್ಗೆ ಅವಳು ಎದ್ದು ಕೂತು ಗೋಡೆ ನೋಡುವುದನ್ನು ನೋಡಬೇಕಿಲ್ಲ. ಇಷ್ಟು ದಿನ ಬೇಕು ಬೇಕೆಂದು ಹಲುಬಿದ್ದು ತಪ್ಪಿಹೋದದ್ದಕ್ಕೆ ಅವನು ಒಳಗೊಳಗೇ ಹಿಗ್ಗುತ್ತಿದ್ದ.

ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಅವಳಿಗೂ ತಿಳಿಯಿತೆಂದು ಅವನಿಗೆ ತಿಳಿಯಿತು. ಯಾಕೆಂದು ಹೇಳಲಾಗದೆ ಇಬ್ಬರೂ ಒಟ್ಟಿಗೆ ನಕ್ಕರು. ಮನೆ ಎರಡಾದ ಮೇಲೆ ಅವರಿಬ್ಬರೂ ಹಾಗೆ ನಕ್ಕಿದ್ದು ಅದೇ ಮೊದಲು.

"ಮುಂದಿನ ವಾರ ಬರ್ತೀನಿ" ಎಂದಳು.

"ಬಾ."

"ದೊರೆ ಹೇಗಿದಾನೆ ಅಂತ ಮೆಸೇಜ್ ಮಾಡು."

"ಮಾಡ್ತೀನಿ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವಳು ಗಕ್ಕನೆ ತಿರುಗಿ ಅವನ ತೋಳನ್ನು ಒಮ್ಮೆ ಹಿಡಿದು ಬಿಟ್ಟಳು. ಅವಳು ಕೊನೆಯ ಮೆಟ್ಟಿಲು ಇಳಿಯುವ ಮೊದಲೇ ಕೆಳಗೆ ಸ್ಕೂಟರು ಸ್ಟಾರ್ಟಾಯಿತು.

ಅವನು ಬ್ರೆಡ್ಡು ತಂದುಕೊಂಡು ತೊಟ್ಟಿಯ ಎದುರು ಕುರ್ಚಿ ಎಳೆದು ಕೂತ. ಹೊರಗೆ ಇನ್ನೂ ಬೆಳಕಿತ್ತು. ದೀಪ ಹಾಕುವ ಮನಸ್ಸಾಗಲಿಲ್ಲ. ಮೈ ಹಗುರವಾಗಿತ್ತು.

ದೊರೆ ಗೂಡಿನಿಂದ ಹೊರಗೆ ಬಂದಿತು. ಮೂತಿಯನ್ನು ಕಲ್ಲಿಗೆ ಉಜ್ಜಿತು, ಒಂದು ಸಲ, ಮತ್ತೊಂದು ಸಲ. ತುಟಿಯ ಅಂಚಿನಲ್ಲಿ ಬಿಳಿ ಪೊರೆ ಬಿರಿಯಿತು. ತಲೆ ತಿರುಗಿಸಿ ಅದನ್ನು ಬಾಯಲ್ಲಿ ಕಚ್ಚಿ ಎಳೆಯಿತು. ಒದ್ದೆಯಾದ ಕಾಲುಚೀಲ ಕಳಚುವಂತೆ ಪೊರೆ ಕತ್ತಿನಿಂದ, ಭುಜದಿಂದ, ಮುಂಗಾಲಿನ ಒಂದೊಂದು ಬೆರಳಿನಿಂದ ಜಾರಿ ಬಂತು. ಕೆಳಗೆ ಹೊಚ್ಚ ಹೊಸ ಹಳದಿ. ದೊರೆ ಕಣ್ಣು ಮುಚ್ಚಿ, ಅವಸರವಿಲ್ಲದೆ, ತನ್ನ ಚರ್ಮವನ್ನು ತಾನೇ ನುಂಗುತ್ತ ಹೋಯಿತು. ಬಿಟ್ಟ ಪೊರೆಯಷ್ಟೂ ಹೊಟ್ಟೆಗೆ ಹೋಯಿತು. ಯಾರಿಂದಲೂ ಏನೂ ಬೇಕಾಗಿರಲಿಲ್ಲ.

ಯಾರೂ ಇಲ್ಲದಾಗ ಮಾಡಿಕೊಳ್ಳುತ್ತವೆ ಎಂದಿದ್ದರು ಡಾಕ್ಟರಮ್ಮ. ಅವನು ಒಂದು ಮೊಳ ದೂರದಲ್ಲಿ ಕೂತಿದ್ದ.

ಆಗ ತೊಟ್ಟಿಯೊಳಗಿಂದ ಒಂದು ಜೀರುಂಡೆ ಕೂಗಿತು.

ನೀರಿನ ಬಟ್ಟಲಿನ ಅಡಿಯಿಂದ ಬಂತು ಸದ್ದು. ಹುಡುಕಿದಾಗ ಸಿಗದೆ ಉಳಿದದ್ದು. ಮೊದಲು ಅಂಜುತ್ತ, ನಿಂತು ನಿಂತು, ಆಮೇಲೆ ಧೈರ್ಯ ಬಂದಂತೆ ಗಟ್ಟಿಯಾಗಿ. ಹೆಣ್ಣು ಜೀರುಂಡೆಯನ್ನು ಕರೆಯಲು ಕೂಗುತ್ತದೆ ಗಂಡು. ಈ ಮನೆಯಲ್ಲಿ ಬಲಿತ ಜೀರುಂಡೆ ಇನ್ನೊಂದು ಇರಲಿಲ್ಲ. ಕಡ್ಡಿಯಂಥ ಎರಡು ಮೀಸೆ ಬಟ್ಟಲಿನ ಅಂಚಿನಿಂದ ಹೊರಗೆ ಬಂದು ಗಾಳಿಯನ್ನು ತಡವಿದವು.

ದೊರೆ ಕೊನೆಯ ತುಣುಕನ್ನು ನುಂಗಿ, ತಲೆಯೆತ್ತಿ, ಆ ಕಡೆ ತಿರುಗಿತು.

ಎದ್ದು ಮುಚ್ಚಳ ತೆಗೆಯಬೇಕು, ಚಿಮಟದಲ್ಲಿ ಹುಳವನ್ನು ಹಿಡಿಯಬೇಕು, ಅಷ್ಟೆ. ಚಿಮಟ ಪಕ್ಕದಲ್ಲೇ ಇತ್ತು. ಏಳುತ್ತೇನೆ ಎಂದುಕೊಂಡ. ಇಂಥ ನೆಮ್ಮದಿಯಲ್ಲಿ ಕೂತು ಎಷ್ಟು ಕಾಲವಾಗಿತ್ತು. ಇನ್ನೊಂದು ಚೂರು ಹೊತ್ತು ಎಂದುಕೊಂಡು ಕುರ್ಚಿಗೆ ತಲೆಯಾನಿಸಿ ಕಣ್ಣು ಮುಚ್ಚಿದ.

ಜೀರುಂಡೆ ಕೂಗಿತು. ಅವನ ಹೆಬ್ಬೆರಳು ತಾನಾಗಿ ಕುರ್ಚಿಯ ಕೈಯನ್ನು ಒತ್ತಿತು. ಮತ್ತೆ ಕೂಗಿತು, ಮತ್ತೆ ಒತ್ತಿದ. ಕೇಳಿಸುತ್ತಿದೆ, ಎಲ್ಲ ಸರಿಯಾಗಿ ಕೇಳಿಸುತ್ತಿದೆ. ಕೂಗು, ಒತ್ತು. ಕೂಗು, ಒತ್ತು.

ಒಳಗೆ ಮರಳು ಸರ್ರೆಂದಿತು. ಆಮೇಲೆ ಯಾವ ಸದ್ದೂ ಇಲ್ಲ.

ಅವನು ಕಣ್ಣು ತೆರೆಯಲಿಲ್ಲ. ಹೆಬ್ಬೆರಳು ಒತ್ತುತ್ತಲೇ ಇತ್ತು.